ನೂರನೇ ಗಂಟು

"ನಿಮ್ಮಪ್ಪ ಇನ್ನೂ ಇದ್ದಾನೋ, ಹೋದನೋ?"

ಟೋಲ್ ಮ್ಯಾನೇಜರು ಇದನ್ನು ಕೇಳಿದಾಗ ನಾನು ಗಂಡಸರ ಶೌಚಾಲಯದ ನೆಲಕ್ಕೆ ಫಿನಾಯಿಲ್ ಸುರಿದು ಮೊಣಕಾಲೂರಿ ಉಜ್ಜುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಬೆಳಿಗ್ಗೆಯಿಂದ ಆ ಕೋಣೆಯನ್ನು ನಾರಿಸಿದವರಲ್ಲಿ ಅವರೂ ಒಬ್ಬರು.

"ಇದ್ದಾರೆ ಸಾರ್."

"ಇದ್ದಾರೆ! ಗೌರವ ನೋಡು ಮುಂಡೇದಕ್ಕೆ. ನಾಳೆ ಹತ್ತು ಗಂಟೆಗೆ ಕರ್ಕೊಂಡು ಬಾ. ಸ್ನಾನ ಮಾಡಿಸ್ಕೊಂಡು ಬಾ. ದೊಡ್ಡೋರು ಬರ್ತಾರೆ, ನಾರಬಾರದು."

"ಯಾಕೆ ಸಾರ್?"

"ಚರಿತ್ರೆಗೆ."

ರಸ್ತೆ ತೆರೆದು ನಲವತ್ತು ವರ್ಷವಾಗಿತ್ತು. ಕಂಪನಿಯವರು ಅದರ ಚರಿತ್ರೆಯನ್ನು ನುಣುಪು ಕಾಗದದಲ್ಲಿ ಅಚ್ಚು ಹಾಕಿಸುತ್ತಿದ್ದರು. ಮಂತ್ರಿಗೆ ಒಂದು ಪುಟ, ಎಂಜಿನಿಯರುಗಳಿಗೆ ಆರು ಪುಟ, ಸೂರ್ಯಾಸ್ತಕ್ಕೆ ಎರಡು ಪುಟ ಆದ ಮೇಲೆ ಕೂಲಿಯವರಿಗೂ ಅರ್ಧ ಪುಟ ಇರಲಿ ಎಂದು ಯಾರಿಗೋ ಅನ್ನಿಸಿತು. ಹಾಜರಿ ಪುಸ್ತಕ ತೆಗೆದು ನೋಡಿದರೆ ಎಲ್ಲರೂ ಸತ್ತಿದ್ದರು. ಕಕ್ಕಸು ತೊಳೆಯುವವಳ ಅಪ್ಪ ಉಳಿದಿದ್ದಾನೆ ಎಂದು ಎರಡನೇ ಕೌಂಟರಿನ ಹುಡುಗಿ ನೆನಪು ಮಾಡಿಕೊಟ್ಟಳಂತೆ.

ಅಪ್ಪನನ್ನು ಎಲ್ಲರೂ ಸರಪಳಿ ಎನ್ನುತ್ತಾರೆ. ರಸ್ತೆ ಅಳೆಯುವಾಗ ಸರಪಳಿಯ ಹಿಂದಿನ ತುದಿ ಹಿಡಿಯುವುದು ಅವನ ಕೆಲಸವಾಗಿತ್ತು. ಆ ಸರಪಳಿ ಈಗಲೂ ನಮ್ಮ ಮನೆಯಲ್ಲಿದೆ. ಅದರ ಮೇಲೆ ಬಟ್ಟೆ ಒಣಗಿಸುತ್ತೇವೆ.

ಮನೆ ಎಂದರೆ ಮೂವತ್ತೊಂದು ಮನೆಗಳ ಒಂದೇ ಸಾಲು. ಡಾಂಬರಿನ ಡ್ರಮ್ಮುಗಳನ್ನು ಸೀಳಿ ತಟ್ಟಿ ಮಾಡಿದ ಗೋಡೆಗಳು. ಬೇಸಿಗೆಯಲ್ಲಿ ಒರಗಿದರೆ ಇಂದಿಗೂ ಬೆನ್ನಿಗೆ ಡಾಂಬರು ಅಂಟುತ್ತದೆ. ರಸ್ತೆ ಹಾಕಲು ಬಂದವರು ರಸ್ತೆ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳಲಿಲ್ಲ, ಹಾಗಾಗಿ ಅಲ್ಲೇ ಉಳಿದರು. ನಲ್ಲಿ, ಶಾಲೆ, ಈಗ ನಮ್ಮವರು ದುಡಿಯುವ ಕಲ್ಲುಕೋರೆ ಮೂರೂ ರಸ್ತೆಯ ಆಚೆ ಬದಿಗಿವೆ. ಎಂಟು ವರ್ಷದ ಹಿಂದೆ ಸರಕಾರ ರಸ್ತೆಯನ್ನು ಕಂಪನಿಗೆ ಕೊಟ್ಟಿತು. ಕಂಪನಿ ಇಪ್ಪತ್ತನಾಲ್ಕನೇ ಕಲ್ಲಿನ ಹತ್ತಿರ ಟೋಲ್ ಗೇಟು ಕಟ್ಟಿತು, ಎರಡೂ ಬದಿಗೆ ಎದೆಯೆತ್ತರದ ಕಬ್ಬಿಣದ ಬೇಲಿ ಹಾಕಿತು. ನಮ್ಮ ಸಾಲಿನ ಎದುರಿಗೆ ಒಂದು ಕಂಡಿ ಬಿಟ್ಟಿತ್ತು, ಅಷ್ಟೇ.

ಹೋದ ವರ್ಷ ಆ ಕಂಡಿಯಲ್ಲಿ ಸೋದರತ್ತೆ ಸತ್ತಳು. ಬಿಂದಿಗೆ ತುಂಬಿಕೊಂಡು ಬರುತ್ತಿದ್ದಳು, ಲಾರಿ ನಿಲ್ಲಲಿಲ್ಲ. ನನ್ನನ್ನು ಈ ಲೋಕಕ್ಕೆ ಎಳೆದು ಹಾಕಿದವಳೇ ಆಕೆ. ಹೆಣವನ್ನು ರಸ್ತೆಯ ನಡುವೆ ಇಟ್ಟುಕೊಂಡು ಕೂತೆವು. ಎರಡು ತಾಸಿಗೆ ಅಧಿಕಾರಿ ಬಂದ. ಜನ ದಾಟಲು ಒಂದು ಮೇಲ್ಸೇತುವೆ ಕಟ್ಟಿಸಿಕೊಡುತ್ತೇನೆ, ಅರ್ಜಿ ಬರೆದುಕೊಡಿ ಎಂದ. ನಮ್ಮಲ್ಲಿ ಅಕ್ಷರ ಬಲ್ಲವಳು ನಾನು. ಬರೆದೆ: 'ಇಪ್ಪತ್ತನೇ ಕಿಲೋಮೀಟರಿನಲ್ಲಿ ನಮಗೆ ಸೇತುವೆ ಬೇಕು.'

ತಪ್ಪಾದದ್ದು ಅಲ್ಲೇ.

ನಮ್ಮ ಸಾಲು ಇರುವುದು ಇಪ್ಪತ್ತನೇ ಕಿಲೋಮೀಟರಿನಲ್ಲಿ. ಅಪ್ಪ ಹಾಗೆ ಹೇಳುತ್ತಿದ್ದ, ನಾವೆಲ್ಲ ಹಾಗೇ ಹೇಳಿಕೊಂಡು ಬೆಳೆದೆವು. ಆದರೆ ಇಪ್ಪತ್ತನೇ ಕಲ್ಲು ನೆಟ್ಟಿರುವುದು ಇನ್ನೂ ಇನ್ನೂರು ಮೀಟರ್ ಮುಂದೆ, ಸಾಹುಕಾರನ ಹೋಟೆಲ್ಲಿನ ಎದುರು. ದಿನಾ ಆ ಕಲ್ಲನ್ನು ನೋಡಿಕೊಂಡೇ ಓಡಾಡುತ್ತಿದ್ದೆವು. ಕಲ್ಲು ತಪ್ಪು ಜಾಗದಲ್ಲಿದೆ ಎಂಬುದು ನಮಗೆಲ್ಲ ಗೊತ್ತೇ ಇದ್ದುದರಿಂದ ಅರ್ಜಿ ಬರೆಯುವಾಗ ಅದು ಯಾರ ನೆನಪಿಗೂ ಬರಲಿಲ್ಲ. ಅರ್ಜಿ ಮಂಜೂರಾಯಿತು. ಕಿಲೋಮೀಟರ್ ಎಂಬಲ್ಲಿ ಕಲ್ಲು ಎಂದಾದದ್ದು ಬಿಟ್ಟರೆ ನಾವು ಕೇಳಿದ್ದಕ್ಕೆ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಆದೇಶ ಬಂತು: ಇಪ್ಪತ್ತನೇ ಕಲ್ಲಿನ ಬಳಿ ಸೇತುವೆ. ಅದು ಮುಗಿಯುವ ದಿನ ಕಂಡಿ ಬಂದ್ ಎಂದೂ ಅದರಲ್ಲಿತ್ತು.

ಇನ್ನೂರು ಮೀಟರ್ ಏನು ಮಹಾ ದೂರ ಎನ್ನಬಹುದು. ಸಾಲಿಗೂ ಹೋಟೆಲ್ಲಿಗೂ ನಡುವೆ ಗಾಜಿನ ಚೂರು ನೆಟ್ಟ ಗೋಡೆಯಿದೆ. ಸೇತುವೆಯ ಮೆಟ್ಟಿಲು ಈಚೆ ಇಳಿಯುವುದು ಹೋಟೆಲ್ಲಿನ ಅಂಗಳಕ್ಕೆ, ಆಚೆ ಇಳಿಯುವುದು ಅದೇ ಸಾಹುಕಾರನ ಪೆಟ್ರೋಲ್ ಬಂಕಿಗೆ. ಸುಣ್ಣದ ಪುಡಿಯಲ್ಲಿ ಗುರುತು ಹಾಕಿದ ದಿನ ನಾವು ನಾಲ್ಕು ಹೆಂಗಸರು ಕೇಳಲು ಹೋಗಿದ್ದೆವು. ಸಾಹುಕಾರ ಕುರ್ಚಿ ಹಾಕಿಸಿಕೊಂಡು ಕೆಲಸ ನೋಡುತ್ತಿದ್ದ.

"ಸೇತುವೆ ಆದ್ಮೇಲೆ ನಮ್ಮನ್ನ ಒಳಗೆ ಬಿಡ್ತೀರಾ ಧಣಿ?"

"ಯಾಕೆ ಬಿಡಲ್ಲ? ಊಟ ಮಾಡಿ, ಬಿಲ್ಲು ತೋರಿಸಿ, ಹತ್ತಿ."

"ನೀರಿಗೆ ಹೋಗೋದು ಧಣಿ. ದಿನಕ್ಕೆ ನಾಲ್ಕು ಸಲ."

"ಬಿಂದಿಗೆ ಹೊತ್ಕೊಂಡು ನನ್ನ ಗಿರಾಕಿಗಳ ಮಧ್ಯೆ? ಬಂದ್ರೆ ನಾಯಿ ಬಿಡ್ತೀನಿ, ಹಲ್ಕಾ ಮುಂಡೇರಾ. ನಿಮ್ಮ ದೆಸೆಯಿಂದ ಒಂದು ಸೇತುವೆ ಬಂತು, ಅದಕ್ಕೆ ಥ್ಯಾಂಕ್ಸ್. ನಡೀರಿ."

ಥ್ಯಾಂಕ್ಸ್ ಹೇಳಿದ್ದು ಮಾತ್ರ ನಿಜ. ಕಂಡಿ ಮುಚ್ಚಿದರೆ ಉಳಿಯುವ ದಾರಿ ಟೋಲ್ ಗೇಟಿನದು, ಗೇಟಿಗೆ ನಾಲ್ಕು ಕಿಲೋಮೀಟರ್, ದಾಟಿ ನಲ್ಲಿಗೆ ಮತ್ತೆ ನಾಲ್ಕು, ವಾಪಸ್ಸು ಅಷ್ಟೇ ದೂರ ತಲೆಯ ಮೇಲೆ ನೀರು. ಅದಕ್ಕೇ ಚರಿತ್ರೆ ಎಂದು ಕೇಳಿದೊಡನೆ ಅಪ್ಪ ಹಿಗ್ಗಿಬಿಟ್ಟ.

"ಪುಸ್ತಕದಲ್ಲಿ ಬರೀತಾರಾ?"

"ಬರೀತಾರಂತೆ."

"ಹಂಗಿದ್ರೆ ನನ್ನ ತಪ್ಪನ್ನೂ ಬರೆಸ್ಬಿಡ್ತೀನಿ. ಅಳತೆ ಸರಿ ಮಾಡ್ತಾರೆ. ಸೇತುವೆ ಇಲ್ಲಿಗೆ ಬರುತ್ತೆ."

ಸಾಬೂನು ಹಚ್ಚಿ ಎರಡು ಸಲ ಸ್ನಾನ ಮಾಡಿದ.

ಮರುದಿನ ಮ್ಯಾನೇಜರರ ಕೋಣೆಯಲ್ಲಿ ನಾಲ್ಕು ಕುರ್ಚಿಗಳಿದ್ದವು, ಎರಡು ಖಾಲಿ. ಅಪ್ಪ ಕೂರಲು ಹೋದಾಗ ಮ್ಯಾನೇಜರು ಹಳೆಯ ಪತ್ರಿಕೆಯೊಂದನ್ನು ನೆಲಕ್ಕೆ ಹಾಕಿದರು. ಅಪ್ಪ ಅದರ ಮೇಲೆ ಕೂತ. ಚರಿತ್ರೆಕಾರರು ಕನ್ನಡಕದ, ಮೆತ್ತಗಿನ ಮನುಷ್ಯ. "ನೀವು ಮೇಲೆ ಕೂತ್ಕೋಬಹುದಲ್ಲ" ಎಂದರು. ಆ ಕೋಣೆಯಲ್ಲಿ ಅಪ್ಪನಿಗೆ ನೀವು ಎಂದದ್ದು ಅದೇ ಮೊದಲು, ಅಪ್ಪ ಸುತ್ತ ತಿರುಗಿ ನೋಡಿದ. ಮ್ಯಾನೇಜರು, "ಅವನಿಗೆ ಅದೇ ಅಭ್ಯಾಸ ಸಾರ್" ಎಂದರು. ನಾನು ಪೊರಕೆ ಹಿಡಿದು ಬಾಗಿಲ ಹೊರಗೆ ನಿಂತೆ, ಗುಡಿಸುವವಳ ಹಾಗೆ.

"ರಸ್ತೆ ಬಗ್ಗೆ ಹೇಳಿ ಅಜ್ಜ."

ಅಪ್ಪ ಕಣ್ಣು ಮುಚ್ಚಿ ಬಂದರಿನಿಂದ ಶುರು ಮಾಡಿದ. ಮೊದಲು ಅದು ಉಪ್ಪಿನ ಗಾಡಿಗಳ ಜಾಡು. ಏಳನೇ ಕಲ್ಲಿನ ಹತ್ತಿರ ಕೆಸರು, ಮೂರು ತಿಂಗಳು ಕಲ್ಲು ಸುರಿದರೂ ಬೆಳಗಾಗುವಷ್ಟರಲ್ಲಿ ನುಂಗುತ್ತಿತ್ತು. ಹನ್ನೆರಡರಲ್ಲಿ ಜ್ವರ ಬಂತು, ಒಂಬತ್ತು ಜನ ಹೋದರು, ಬದಿಯಲ್ಲೇ ಹೂತರು. ಆಮೇಲೆ ರಸ್ತೆ ಅಗಲ ಮಾಡುವಾಗ ಬದಿ ಹೋಗಿ ನಡುವಾಯಿತು.

"ಅದನ್ನ ಬಿಡು" ಎಂದರು ಮ್ಯಾನೇಜರು. "ತಿರುವಿನ ಬಗ್ಗೆ ಹೇಳು. ಹದಿನೈದನೇ ಕಲ್ಲಿನ ತಿರುವು. ಪುಸ್ತಕದ ಮುಖಪುಟವೇ ಅದು."

"ಅಲ್ಲಿ ರಸ್ತೆ ನೆಟ್ಟಗೆ ಹೋಗಬೇಕಿತ್ತು ಸಾರ್. ಸಾಹುಕಾರರ ಅಪ್ಪನ ತೋಟ ಅಡ್ಡ ಬಂತು. ಅವರು ಎಂಜಿನಿಯರ್ ಸಾಹೇಬರನ್ನ ವಾರ ಕಾಲ ಮನೇಲಿಟ್ಕೊಂಡು ಸತ್ಕಾರ ಮಾಡಿದ್ರು. ರಸ್ತೆ ಸೊಟ್ಟಗಾಯ್ತು."

ಚರಿತ್ರೆಕಾರರು ಮ್ಯಾನೇಜರರ ಮುಖ ನೋಡಿದರು. ಮ್ಯಾನೇಜರು, "ನಿಸರ್ಗದ ಸೊಬಗಿಗಾಗಿ ಅಂತ ಬರ್ಕೊಳ್ಳಿ" ಎಂದರು. ಅವರು ಬರೆದುಕೊಂಡರು.

"ಇಪ್ಪತ್ತನೇದು ಹೇಳ್ತೀನಿ ಸ್ವಾಮಿ. ಅದನ್ನ ಸರಿಯಾಗಿ ಬರ್ಕೊಳ್ಳಿ" ಎಂದ ಅಪ್ಪ. "ಅದು ನನ್ನ ತಪ್ಪು."

ತಪ್ಪು ಎಂದೊಡನೆ ಇಬ್ಬರೂ ಮುಂದಕ್ಕೆ ಬಾಗಿದರು.

ಸರಪಳಿ ಇಪ್ಪತ್ತು ಮೀಟರಿನದು. ಮುಂದಿನವನು ಅದನ್ನು ಎಳೆದು ಬಿಗಿ ಮಾಡಿ ನೆಲಕ್ಕೆ ಒಂದು ಕಬ್ಬಿಣದ ಕಡ್ಡಿ ಚುಚ್ಚುತ್ತಾನೆ. ಹಿಂದಿನವನು ಬರುತ್ತ ಕಡ್ಡಿ ಕೀಳುತ್ತಾನೆ. ಕೈಯಲ್ಲಿ ಹತ್ತು ಕಡ್ಡಿಯಾದರೆ ಇನ್ನೂರು ಮೀಟರ್, ಟವೆಲ್ಲಿಗೆ ಒಂದು ಗಂಟು. ಐದು ಗಂಟಿಗೆ ಒಂದು ಕಿಲೋಮೀಟರ್. ಸರ್ವೆ ಸಾಹೇಬರು ಬಿಸಿಲಿಗೆ ಇಳಿಯುತ್ತಿರಲಿಲ್ಲ, ಜೀಪಿನಲ್ಲಿ ಕಾದಂಬರಿ ಓದುತ್ತಿದ್ದರು. ಸಂಜೆ 'ಇವತ್ತು ಎಷ್ಟೋ?' ಎಂದು ಕೇಳಿ, ಅಪ್ಪ ಎಣಿಸಿ ಹೇಳಿದ ಗಂಟುಗಳನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಐವತ್ತೆಂಟು ಕಿಲೋಮೀಟರ್ ರಸ್ತೆ ಅಪ್ಪನ ಟವೆಲ್ಲಿನಿಂದ ಪುಸ್ತಕಕ್ಕೆ ಇಳಿದದ್ದು ಹೀಗೆ.

"ನೂರನೇ ಗಂಟು ಹಾಕಿದ್ದೆ ಸ್ವಾಮಿ. ಇಪ್ಪತ್ತು ಕಿಲೋಮೀಟರ್ ಆಯ್ತು ಅಂತ ಖುಷಿಯಿಂದ ನಿಂತಿದ್ದೆ. ಹಿಂದೆ ನಮ್ಮಕ್ಕ ಕೂಗ್ಕೊಂಡ್ಳು. ಗೂಟದ ಬುಟ್ಟಿ ಹೊತ್ತಿದ್ದ ನನ್ನ ಹೆಂಡತಿ ಅಲ್ಲೇ ಕೂತುಬಿಟ್ಟಿದ್ಲು. ತುಂಬು ಬಸುರಿ. ಬಟ್ಟೆ ಕೊಡೋ ಅಂದ್ಳು ಅಕ್ಕ. ಇದ್ದ ಬಟ್ಟೆ ಅದೊಂದೇ ಟವೆಲ್ಲು. ಗಂಟು ಮಗೂಗೆ ಒತ್ತುತ್ತೆ ಅಂತ ಅಕ್ಕ ಎಲ್ಲಾ ಬಿಚ್ಚಿಹಾಕಿ ಮಗು ಸುತ್ತಿದ್ಳು. ಸಂಜೆ ಸಾಹೇಬ್ರು ಕೇಳಿದಾಗ ಟವೆಲ್ಲೇ ಇಲ್ಲ. ತಲೆ ಎಲ್ಲಿತ್ತೋ, ಅವತ್ತಿನ ಗಂಟು ಎಂಟು ಅನ್ನೋ ಬದಲು ಏಳು ಅಂದೆ."

"ಮಗು?" ಎಂದರು ಚರಿತ್ರೆಕಾರರು.

"ಅಲ್ಲೇ ನಿಂತಿದಾಳಲ್ಲ, ಪೊರಕೆ ಹಿಡ್ಕೊಂಡು."

ಇಬ್ಬರೂ ನನ್ನನ್ನು ನೋಡಿದರು. ಎಂಟು ವರ್ಷದಲ್ಲಿ ಮ್ಯಾನೇಜರು ನನ್ನ ಮುಖ ನೋಡಿದ್ದು ಅವತ್ತೇ. ಏನು ಮಾಡಬೇಕೋ ತಿಳಿಯದೆ ನಾನು ಎರಡು ಸಲ ನೆಲ ಗುಡಿಸಿದೆ.

"ನಾಲ್ಕನೇ ದಿನ ನೆನಪಾಯ್ತು. ಓಡಿ ಹೋಗಿ ಹೇಳಿದೆ, ಒಂದು ಗಂಟು ಬಿಟ್ಟೋಗಿದೆ ಸಾಹೇಬ್ರೆ ಅಂತ. ಬರೆದಾಗಿದೆ ಬೋಳಿಮಗನೆ ಅಂತ ಕೆನ್ನೆಗೆ ಕೊಟ್ರು. ಅವತ್ತಿಂದ ಎಲ್ಲಾ ಕಲ್ಲು ಇನ್ನೂರು ಮೀಟರ್ ಮುಂದಕ್ಕೆ ಹೋಗಿ ಕೂತಿವೆ. ಅದನ್ನ ಸರಿ ಮಾಡಿ ಸ್ವಾಮಿ. ಸೇತುವೆ ನಮ್ಮ ಸಾಲಿಗೆ ಬರಬೇಕು."

ಚರಿತ್ರೆಕಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರಿಗೆ ತುಂಬ ಇಷ್ಟವಾಗಿತ್ತು. ಮ್ಯಾನೇಜರು ಮಾತ್ರ ಬೇರೆಯೇ ಲೆಕ್ಕದಲ್ಲಿದ್ದರು.

"ಅಂದ್ರೆ ರಸ್ತೆ ಇನ್ನೂರು ಮೀಟರ್ ಜಾಸ್ತಿ ಇದೆ ಅಂತೀಯ?"

"ಹೌದು ಸಾರ್."

"ಖಂಡಿತಾನಾ?"

"ನನ್ನ ಮಗಳಾಣೆ ಸಾರ್."

ಮ್ಯಾನೇಜರು ಎದ್ದು ತಾವೇ ಅಪ್ಪನಿಗೆ ಒಂದು ಲೋಟ ಚಹಾ ತರಿಸಿದರು. ಕಾಗದದ ಲೋಟ. ಅಪ್ಪ ಅದನ್ನು ತೊಳೆದು ಮನೆಗೆ ತಂದ.

ಮೂರೇ ದಿನದಲ್ಲಿ ಅಳೆಯುವ ಕಾರು ಬಂತು. ಹಿಂದೆ ಪುಟ್ಟ ಚಕ್ರ, ಒಳಗೆ ಕಂಪ್ಯೂಟರು. ಬಂದರಿನಿಂದ ರಸ್ತೆ ಮುಗಿಯುವ ಗಿರಣಿಯವರೆಗೆ ಓಡಿ ಅಪ್ಪನ ಮಾತಿಗೆ ಸಾಕ್ಷಿ ಹೇಳಿತು. ಅಷ್ಟು ವರ್ಷ ಐವತ್ತೇಳು ಕಿಲೋಮೀಟರ್ ಒಂಬೈನೂರು ಮೀಟರ್ ಇದ್ದ ರಸ್ತೆ ಈಗ ಐವತ್ತೆಂಟು ಕಿಲೋಮೀಟರ್ ನೂರು ಮೀಟರ್ ಆಯಿತು. ಐವತ್ತೆಂಟು ದಾಟಿದರೆ ಐವತ್ತೊಂಬತ್ತರ ದರ ಎಂಬುದು ಕಂಪನಿಯ ನಿಯಮ. ದರದ ಬೋರ್ಡು ಬದಲಾಯಿತು. ಹೊಸ ಬೋರ್ಡಿಗೆ ಅಂಟಿದ್ದ ಪ್ಲಾಸ್ಟಿಕ್ ಹಾಳೆ ಸುಲಿದು ಒದ್ದೆ ಬಟ್ಟೆಯಲ್ಲಿ ಒರೆಸಿದವಳು ನಾನೇ. ಆ ಹೆಚ್ಚಿನ ಇನ್ನೂರು ಮೀಟರ್ ನಾನು ಹುಟ್ಟಿದ್ದಕ್ಕೆ ಬಂದದ್ದು ಎಂದು ಲಾರಿಯವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನನ್ನನ್ನೂ ಸೇರಿಸಿ ಬೈಯುತ್ತಿದ್ದರು.

ಅಪ್ಪ ಮಾತ್ರ ಸಾಲಿನಲ್ಲಿ ಎದೆ ಸೆಟೆಸಿಕೊಂಡು ಓಡಾಡಿದ. "ಒಪ್ಕೊಂಡ್ರಲ್ಲ! ಯಂತ್ರವೇ ಒಪ್ಕೊಳ್ತು! ಇನ್ನು ಸೇತುವೆ ಬಂದಂಗೇ." ಹೋಟೆಲ್ಲಿನ ಎದುರು ಸೇತುವೆಯ ಗುಂಡಿ ತೋಡುವ ಕೆಲಸ ಮಾತ್ರ ನಿಂತಿರಲಿಲ್ಲ. ಒಂದು ವಾರ ಕಾದೆವು, ಆಮೇಲೆ ಅಪ್ಪನನ್ನು ಮ್ಯಾನೇಜರರ ಹತ್ತಿರ ಕರೆದುಕೊಂಡು ಹೋದೆ. ಈ ಸಲ ಪತ್ರಿಕೆಯನ್ನೂ ಹಾಸಲಿಲ್ಲ.

"ಸಾರ್, ಅಳತೆ ಸರಿಯಾಯ್ತಲ್ಲ. ಇಪ್ಪತ್ತನೇ ಕಿಲೋಮೀಟರ್ ನಮ್ಮ ಸಾಲಿನ ಎದುರಿಗೇ ಬಂತಲ್ಲ. ಸೇತುವೆ..."

"ಅಳತೆ ಸರಿಯಾಗಿದ್ದು ದರಕ್ಕೆ. ಸೇತುವೆಗಲ್ಲ."

"ರಸ್ತೆ ಒಂದೇ ಅಲ್ವಾ ಸಾರ್?"

"ಆದೇಶದಲ್ಲಿ ಏನಿದೆ? ಇಪ್ಪತ್ತನೇ ಕಲ್ಲಿನ ಬಳಿ. ಕಿಲೋಮೀಟರ್ ಅಂತಿಲ್ಲ, ಕಲ್ಲು ಅಂತಿದೆ. ಕಲ್ಲು ಎಲ್ಲಿದೆ?"

"ಹೋಟೆಲ್ ಮುಂದೆ ಸಾರ್. ಆದ್ರೆ ಅದು ತಪ್ಪು ಜಾಗ."

"ತಪ್ಪೋ ಒಪ್ಪೋ, ಕಲ್ಲು ಎಲ್ಲಿದೆಯೋ ಅಲ್ಲಿ ಸೇತುವೆ. ಅಷ್ಟೇ."

ಅಪ್ಪ ಅದನ್ನೇ ಮತ್ತೆ ಹೇಳಿದ. "ಕಲ್ಲು ಎಲ್ಲಿದೆಯೋ ಅಲ್ಲಿ."

"ಹೌದಯ್ಯಾ."

"ಗ್ಯಾರಂಟಿ ಸಾರ್?"

"ಎಷ್ಟು ಸಲ ಹೇಳ್ಬೇಕೋ ಗೂಬೆ ನಿಂಗೆ? ಎಲ್ಲಿ ಕಲ್ಲೋ ಅಲ್ಲಿ ಸೇತುವೆ! ಹೋಗ್ತಾ ನಿನ್ನ ಪುಸ್ತಕ ತಗೊಂಡು ಹೋಗು."

ಪುಸ್ತಕ ಅಚ್ಚಾಗಿ ಬಂದಿತ್ತು. ಹೊರಗೆ ಬಂದು ನಾನು ಓದಿ ಹೇಳಿದೆ. ಅರ್ಧ ಪುಟ ಎಂದವರು ಕಾಲು ಪುಟ ಕೊಟ್ಟಿದ್ದರು. 'ಒಂದು ಸ್ವಾರಸ್ಯಕರ ಪ್ರಸಂಗ' ಎಂಬುದು ತಲೆಬರಹ. ಅನಕ್ಷರಸ್ಥ ಕೂಲಿಯೊಬ್ಬ ಮಗು ಹುಟ್ಟಿದ ಸಂಭ್ರಮದಲ್ಲಿ ಲೆಕ್ಕ ತಪ್ಪಿದ, ಆ ತಪ್ಪನ್ನು ಕಂಪನಿಯ ಆಧುನಿಕ ತಂತ್ರಜ್ಞಾನ ಪತ್ತೆ ಹಚ್ಚಿತು ಎಂದಿತ್ತು. ಆ ಪುಟ ಹರಿಯಲು ಹೋದೆ. ಆ ಕಾಗದ ಎಷ್ಟು ನುಣುಪಾಗಿತ್ತೆಂದರೆ ಹರಿಯಲೂ ಆಗಲಿಲ್ಲ. ಅಪ್ಪನಿಗೆ ಪುಸ್ತಕದ ಮೇಲೆ ಗಮನವೇ ಇರಲಿಲ್ಲ.

"ಆ ಕಲ್ಲು ಒಂದೂವರೆ ಅಡಿ ಆಳ ಹೂತಿರೋದು" ಎಂದ. "ನಾನೇ ಹೂತಿದ್ದು. ನಾಲ್ಕು ಹಾರೆ ಸಾಕು."

ಶನಿವಾರ ಹನ್ನೊಂದು ಗಂಟೆಗೆ ಹೋದೆವು. ಹಗಲಲ್ಲೇ ಹೋಗಬೇಕು ಎಂದು ಅಪ್ಪ ಪಟ್ಟು ಹಿಡಿದಿದ್ದ, ರಸ್ತೆ ಅಳೆಯುವುದು ಕಳ್ಳತನವಲ್ಲವಲ್ಲ. ಕೋರೆಯಿಂದ ಹಾರೆ, ಹಗ್ಗ, ಗಳ ಬಂದವು. ಒಣಗಿದ್ದ ಬಟ್ಟೆಗಳನ್ನು ತೆಗೆದು ಸರಪಳಿ ಬಿಚ್ಚಿದೆವು. ನಾನು ಟೋಲ್ ಗೇಟಿನಿಂದ ಕಿತ್ತಳೆ ಬಣ್ಣದ ಆರು ಕೋನುಗಳನ್ನು ತಂದಿದ್ದೆ. ರಸ್ತೆಯಲ್ಲಿ ಕೆಲಸ ನಡೆಯುವಾಗ ಕೋನು ಇಡಬೇಕೆಂಬುದು ಕಂಪನಿಯ ನಿಯಮ. ಕಂಪನಿಯ ಜಾಕೆಟು ಹಾಕಿಕೊಂಡು ಅವನ್ನು ಸಾಲಾಗಿ ಇಟ್ಟೆ. ಲಾರಿಗಳು ಮರುಮಾತಿಲ್ಲದೆ ನಿಧಾನವಾದವು, ಅಂಚು ಬಿಟ್ಟು ನಡುವಿಗೆ ಸರಿದವು. ನನ್ನ ಕೈಗೆ ಲಾರಿ ಬಗ್ಗುವುದನ್ನು ಮೊದಲ ಸಲ ನೋಡಿದೆ, ಚೆನ್ನಾಗಿತ್ತು.

ಹೋಟೆಲ್ಲಿನ ಕಾವಲುಗಾರ ಓಡಿ ಬಂದ. "ಏನ್ರೋ ಇದು?"

"ಕೆಲಸ ನಡೀತಿದೆ" ಎಂದೆ.

ಅವನು ಜಾಕೆಟು ನೋಡಿದ, ಕೋನು ನೋಡಿದ, ಸಾಹುಕಾರನನ್ನು ಕರೆಯಲು ಓಡಿದ. ಅಷ್ಟರಲ್ಲಿ ಅಪ್ಪ ಕಲ್ಲಿನ ಬುಡಕ್ಕೆ ಸರಪಳಿಯ ತುದಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಮುಂದಿನ ತುದಿ ನನ್ನದು. ಸಾಲಿನ ಕಡೆಗೆ ಎಳೆದು, ಬಿಗಿ ಮಾಡಿ, ಕಡ್ಡಿ ಚುಚ್ಚಿದೆ.

"ಒಂದು!" ಎಂದ ಅಪ್ಪ, ಗಾಡಿಗಳ ಸದ್ದಿನ ಮೇಲೆ.

ಎಪ್ಪತ್ತು ದಾಟಿದ ಮನುಷ್ಯ, ಪ್ರತಿ ಇಪ್ಪತ್ತು ಮೀಟರಿಗೂ ಎದ್ದು, ನಡೆದು, ಕಡ್ಡಿ ಕಿತ್ತು ಕೂತ. ನಾಲ್ಕನೆಯದಕ್ಕೆ ಗೋಡೆಯ ಮೇಲಿಂದ ಸಾಹುಕಾರ ಬೈಯತೊಡಗಿದ. ಏಳನೆಯದಕ್ಕೆ ಅವನು ಫೋನಿಗೆ ಬೈಯುತ್ತಿದ್ದ. ಹಿಂದೆ ನಮ್ಮ ಹನ್ನೆರಡು ಗಂಡಸರು ಕಲ್ಲನ್ನು ಕಿತ್ತು ಗಳಕ್ಕೆ ಕಟ್ಟಿ ಹೊತ್ತು ತರುತ್ತಿದ್ದರು. ಹತ್ತನೇ ಕಡ್ಡಿ ಬಿದ್ದದ್ದು ಸರಿಯಾಗಿ ಕಂಡಿಯ ಪಕ್ಕದಲ್ಲಿ, ಸೋದರತ್ತೆಯ ಬಿಂದಿಗೆ ನುಜ್ಜಾಗಿ ಬಿದ್ದಿದ್ದ ಜಾಗದಿಂದ ನಾಲ್ಕು ಹೆಜ್ಜೆ. ಅಪ್ಪ ಹೆಗಲ ಟವೆಲ್ಲು ತೆಗೆದು ಒಂದು ಗಂಟು ಹಾಕಿದ. ನಂಗೆ ಅಳು ಬಂತು, ಅತ್ತೆ.

ಕಲ್ಲು ನೆಟ್ಟು ಮಣ್ಣು ತುಳಿಯುವ ಹೊತ್ತಿಗೆ ಜೀಪು ಬಂತು. ಮ್ಯಾನೇಜರು, ಒಬ್ಬ ಇನ್ಸ್‌ಪೆಕ್ಟರು, ಇಬ್ಬರು ಪೇದೆಗಳು.

"ಯಾವ ಸೂಳೆಮಗ ಇದನ್ನ ಇಲ್ಲಿಟ್ಟಿದ್ದು?" ಎಂದರು ಮ್ಯಾನೇಜರು.

"ನಾನೇ ಸಾರ್" ಎಂದ ಅಪ್ಪ. "ಮೊದಲು ಅಲ್ಲಿಟ್ಟಿದ್ದೂ ನಾನೇ."

"ಸರಕಾರಿ ಕಲ್ಲು ಅದು!"

"ಕಲ್ಲು ಎಲ್ಲಿದೆಯೋ ಅಲ್ಲಿ ಸೇತುವೆ ಅಂದ್ರಲ್ಲ ಸಾರ್. ಈಗ ಇಲ್ಲಿದೆ."

ಮ್ಯಾನೇಜರು ಇನ್ಸ್‌ಪೆಕ್ಟರ ಕಡೆ ತಿರುಗಿದರು. ಇನ್ಸ್‌ಪೆಕ್ಟರಿಗೆ ಇದೆಲ್ಲ ಅರ್ಥವಾಗಲಿಲ್ಲ. ಅವನ ಕಣ್ಣು ಟವೆಲ್ಲಿನ ಮೇಲಿತ್ತು.

"ಅದರಲ್ಲಿ ಏನ್ ಗಂಟು ಕಟ್ಕೊಂಡಿದೀಯಾ? ಬಿಚ್ಚು."

"ಏನಿಲ್ಲ ಸಾರ್. ಇನ್ನೂರು ಮೀಟರು."

"ತಮಾಷೆ ಮಾಡ್ತೀಯೇನೋ? ಬಿಚ್ಚು ಅಂದೆ!"

"ಒಂದು ಸಲ ಬಿಚ್ಚಿದ್ದಕ್ಕೇ ಇಷ್ಟೆಲ್ಲ ಆಗಿದ್ದು" ಎಂದ ಅಪ್ಪ. "ಈ ಸಲ ಬಿಚ್ಚಲ್ಲ."

ಪೇದೆ ಟವೆಲ್ಲನ್ನು ಎಳೆದ. ಅಪ್ಪ ಎರಡೂ ಕೈಯಲ್ಲಿ ಗಂಟನ್ನು ಎದೆಗೆ ಒತ್ತಿ ಹಿಡಿದ. ಕಪಾಳಕ್ಕೆ ಬಿತ್ತು, ಅದೇ ಕೆನ್ನೆಗೆ. ಟವೆಲ್ಲು ಸಮೇತ ಅವನನ್ನು ಜೀಪಿನ ಹಿಂದೆ ಎತ್ತಿ ಹಾಕಿದರು. ಕೂತಲ್ಲಿಂದಲೇ ಅಪ್ಪ, ಕಾಗದ ಹಿಡಿದಿದ್ದ ಇನ್ನೊಬ್ಬ ಪೇದೆಗೆ ಹೇಳಿದ: "ಬರ್ಕೊಳ್ಳಿ ಸಾರ್. ನೂರು."

ನಮ್ಮ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಲ್ಲಿನ ಸುತ್ತ ಖಾಲಿ ಬಿಂದಿಗೆಗಳನ್ನು ಇಟ್ಟು ಕೂತರು. ಕೂರಲು ಜಾಗ ಸಾಲದೆ ಕೆಲವರು ರಸ್ತೆಗೇ ಸರಿದರು. ಹಿಂದೆ ನಿಂತ ಗಾಡಿಗಳ ಹಾರ್ನು ಹದಿನೈದನೇ ಕಲ್ಲಿನ ತಿರುವಿಗೂ ಕೇಳುವ ಹಾಗಿತ್ತು.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಏಯ್, ಕೆಲಸ ಬೇಕಾ ಬೇಡ್ವಾ? ಆ ಕೋನುಗಳನ್ನ ತೆಗಿ."

ಜಾಕೆಟು ಬಿಚ್ಚಿ ಅವರ ಕೈಗೆ ಕೊಟ್ಟೆ. ಕೋನುಗಳನ್ನು ತೆಗೆಯಲಿಲ್ಲ.